ಫೋಟೋಗೆ ಸಿಗದ ಖರ್ಚು: ಡೌನ್ ಸಿಂಡ್ರೋಮ್ ಸಂಶೋಧನೆಗೆ ದುಡ್ಡು ಯಾರು ಕೊಡಬೇಕು?

(ವಿಶ್ವ ಡೌನ್ ಸಿಂಡ್ರೋಮ್ ದಿನದ ಸಲುವಾಗಿ ಬಳ್ಳಾರಿಯಲ್ಲಿ ತಂದೆತಾಯಂದಿರು, ವೈದ್ಯ ವಿದ್ಯಾರ್ಥಿಗಳು ಮತ್ತು ಊರಿನ ಕೆಲವು ಉದ್ಯಮಿಗಳ ಮುಂದೆ ಮಕ್ಕಳ ಡಾಕ್ಟರಾದ ನಾನು ಆಡಿದ ಮಾತು. ಧಾಟಿ ಹಾಗೇ ಇಟ್ಟು, ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಎರಡು ಬೇರೆ ಬೇರೆ ಬಣ್ಣದ ಸಾಕ್ಸ್ ಹಾಕಿಕೊಂಡು ಬನ್ನಿ ಅಂತ ಸಂಘಟಕರು ಮೆಸೇಜ್ ಕಳಿಸಿದ್ದರು. ಈ ದಿನ ಜಗತ್ತಿನ ಎಷ್ಟೋ ಕಡೆ ಹಾಗೆ ಮಾಡುತ್ತಾರೆ. ಡೌನ್ ಸಿಂಡ್ರೋಮ್ ಇರುವವರ ಕೋಶಗಳಲ್ಲಿ 21ನೇ ಕ್ರೋಮೋಸೋಮ್, ಅಂದರೆ ಜೀನ್‌ಗಳನ್ನು ಹೊತ್ತ ಎಳೆ, ಎರಡರ ಬದಲು ಮೂರು ಇರುತ್ತದಲ್ಲ, ಅದಕ್ಕೆ ಮೂರನೇ ತಿಂಗಳ 21ನೇ ತಾರೀಖು. 2006ರಿಂದ ಈ ಆಚರಣೆ ಇದೆ. 2012ರಿಂದ ವಿಶ್ವಸಂಸ್ಥೆಯೂ ಆಚರಿಸುತ್ತಿದೆ. ಎಲ್ಲಾ ಸರಿ, ಆದರೆ ಮಾರ್ಚ್ ತಿಂಗಳ ಬಳ್ಳಾರಿ ಬಿಸಿಲಲ್ಲಿ ಸಾಕ್ಸ್ ಅಂದರೆ ಸ್ವಲ್ಪ ಜಾಸ್ತಿ ಆಯಿತು. ನಾನು ಚಪ್ಪಲಿಯಲ್ಲೇ ಬಂದಿದ್ದೇನೆ, ಮನ್ನಿಸಿ.

ನನಗೆ ಕೊಟ್ಟ ವಿಷಯ ಈ ಮಕ್ಕಳ ಆರೋಗ್ಯ. ಆದರೆ ಮುಂದಿನ ಸಾಲಿನಲ್ಲಿ ಗಣಿಯವರು, ಜೀನ್ಸ್ ಕಾರ್ಖಾನೆಯವರು, ಲೆಕ್ಕಪರಿಶೋಧಕರು ಕೂತಿದ್ದೀರಿ. ಇಂಥ ಅವಕಾಶ ಮತ್ತೆ ಸಿಗುವುದಿಲ್ಲ. ಹಾಗಾಗಿ ದುಡ್ಡಿನ ಮಾತನ್ನೇ ಆಡುತ್ತೇನೆ.

ಪ್ರತಿ ವರ್ಷ ಇಂಥ ಕಾರ್ಯಕ್ರಮದಲ್ಲಿ ದಾನಿಗಳು ಏನಾದರೂ ಕೊಡುತ್ತಾರೆ. ಬ್ಯಾಗು, ಟಿಫಿನ್ ಡಬ್ಬಿ, ಹಣ್ಣಿನ ಬುಟ್ಟಿ. ಮಕ್ಕಳಿಗೆ ಖುಷಿ ಆಗುತ್ತದೆ, ಬೇಡ ಅನ್ನುವುದಿಲ್ಲ. ಮರುದಿನ ಪೇಪರಿನಲ್ಲಿ ಫೋಟೋನೂ ಬರುತ್ತದೆ. ಸಂಶೋಧನೆಗೆ ಕೊಟ್ಟರೆ ಮಾತ್ರ ಫೋಟೋ ಬರುವುದಿಲ್ಲ. ಒಂದು ರಿಜಿಸ್ಟರಿನ ಪಕ್ಕ ನಿಂತು, ಐದು ವರ್ಷದ ಟಿಎಸ್ಎಚ್, ಅಂದರೆ ಥೈರಾಯ್ಡ್ ರಕ್ತಪರೀಕ್ಷೆಯ, ರಿಪೋರ್ಟುಗಳ ಫೈಲು ಹಿಡಿದು ಫೋಟೋ ತೆಗೆಸಿಕೊಂಡರೆ ಯಾರು ಹಾಕುತ್ತಾರೆ? ಆದರೂ ಈ ಮಕ್ಕಳ ಆಯಸ್ಸನ್ನು ಎಳೆದು ಉದ್ದ ಮಾಡಿದ್ದು ಅದೇ ಫೋಟೋ ಬರದ ಖರ್ಚು.

ಅಂಕಿ ಕೇಳಿ. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರು ಸರಾಸರಿ 25 ವರ್ಷ ಬದುಕುತ್ತಿದ್ದರು. ಈಗ 60ರ ಆಸುಪಾಸು. ಒಂದು ತಲೆಮಾರಿನ ಒಳಗೆ 35 ವರ್ಷ ಹೆಚ್ಚು. ಕ್ರೋಮೋಸೋಮ್ ಬದಲಾಗಲಿಲ್ಲ. ಅದು ಅವತ್ತೂ ಮೂರು, ಇವತ್ತೂ ಮೂರು. ಬದಲಾಗಿದ್ದು ಡಾಕ್ಟರುಗಳು ಈ ಮಕ್ಕಳನ್ನು ನೋಡುವ ರೀತಿ.

ಆಗ ಹೇಗೆ ನೋಡುತ್ತಿದ್ದರು ಅಂತ ಒಂದು ಉದಾಹರಣೆ. 1982ರ ಏಪ್ರಿಲ್. ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮಿಂಗ್ಟನ್ ಊರಿನಲ್ಲಿ ಒಂದು ಗಂಡುಮಗು ಹುಟ್ಟಿತು. ಡೌನ್ ಸಿಂಡ್ರೋಮ್ ಇತ್ತು, ಜೊತೆಗೆ ಅನ್ನನಾಳ ಹೊಟ್ಟೆಗೆ ಸೇರಿರಲಿಲ್ಲ. ಅನ್ನನಾಳದ ತೊಂದರೆಗೆ ಆಪರೇಷನ್ ಆಗಲೇ ಇತ್ತು. ಆದರೆ ಮಾಡುವುದು ಬೇಡ ಅಂತ ತೀರ್ಮಾನ ಆಯಿತು. ಕೋರ್ಟೂ ಹೂಂ ಅಂದಿತು. ಆರು ದಿನಕ್ಕೆ ಮಗು ತೀರಿಕೊಂಡಿತು. ಹೆಸರು ಹೊರಗೆ ಬರಲಿಲ್ಲ, ಪತ್ರಿಕೆಗಳು ‘ಬೇಬಿ ಡೋ’ ಅಂತ ಬರೆದವು. ದೊಡ್ಡ ಗದ್ದಲ ಆಯಿತು. ಅಂಗವೈಕಲ್ಯ ಇದೆ ಅನ್ನುವ ಒಂದೇ ಕಾರಣಕ್ಕೆ ಮಗುವಿಗೆ ಚಿಕಿತ್ಸೆ ತಪ್ಪಿಸಬಾರದು ಅನ್ನುವ ಕಾನೂನು 1984ರಲ್ಲಿ ಬಂತು. ಅಷ್ಟು ಶ್ರೀಮಂತ ದೇಶದಲ್ಲೇ ಇದು ನಡೆದು ಐವತ್ತು ವರ್ಷ ಕೂಡ ಆಗಿಲ್ಲ. ನಮ್ಮ ಕಡೆ ಇವತ್ತಿಗೂ ‘ಇಂಥಾ ಮಗೂಗೆ ಅಷ್ಟು ರೊಕ್ಕ ಯಾಕ್ ಸುರೀತೀರಿ’ ಅನ್ನುವ ನೆಂಟರು ಇದ್ದಾರೆ. ಇಲ್ಲಿ ಕೂತ ತಾಯಂದಿರಿಗೆ ಅದನ್ನು ನಾನು ಹೇಳಿಕೊಡಬೇಕಿಲ್ಲ.

ಈಗ ಹೃದಯಕ್ಕೆ ಬರೋಣ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ‘ಹಾರ್ಟಿನಾಗ ತೂತು’ ಅಂತ ನೀವು ಹೇಳುವುದು. ಕೆಲವು ತೂತು ತಾನಾಗಿ ಮುಚ್ಚಿಕೊಳ್ಳುತ್ತವೆ. ಆದರೆ ಒಂದು ಬಗೆಯಲ್ಲಿ ಹೃದಯದ ನಡುಮಧ್ಯದ ಗೋಡೆಯೇ ಇರುವುದಿಲ್ಲ, ಮೇಲಿನ ಎರಡು ಕೋಣೆ, ಕೆಳಗಿನ ಎರಡು ಕೋಣೆ ಒಂದಾಗಿರುತ್ತವೆ. ಆ ಮಗುವಿಗೆ ಮೂರರಿಂದ ಆರು ತಿಂಗಳ ಒಳಗೆ ಆಪರೇಷನ್ ಆದರೆ ಒಳ್ಳೆಯದು. ತಡ ಆದರೆ ಏನಾಗುತ್ತದೆ? ಶ್ವಾಸಕೋಶಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ರಕ್ತ ನುಗ್ಗುತ್ತಲೇ ಇರುತ್ತದೆ. ಅಲ್ಲಿನ ಸಣ್ಣ ರಕ್ತನಾಳಗಳು ಆ ಒತ್ತಡಕ್ಕೆ ದಪ್ಪ ಆಗಿ ಬಿಗಿಯುತ್ತವೆ. ಕೊನೆಗೆ ರಕ್ತ ಉಲ್ಟಾ ಹರಿಯುತ್ತದೆ, ಮಗುವಿನ ತುಟಿ, ಉಗುರು ನೀಲಿ ಆಗುತ್ತವೆ. ಆ ಹಂತ ದಾಟಿದ ಮೇಲೆ ತೂತು ಮುಚ್ಚಿದರೆ ಜೀವಕ್ಕೇ ಅಪಾಯ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಈ ಬಿಗಿತ ಬೇರೆ ಮಕ್ಕಳಿಗಿಂತ ಬೇಗ ಬರುತ್ತದೆ. ಇದು ಯಾರಿಗೂ ಕನಸಿನಲ್ಲಿ ಹೊಳೆದ ವಿಷಯ ಅಲ್ಲ. ನೂರಾರು ಮಕ್ಕಳ ದಾಖಲೆ ಇಟ್ಟು, ವರ್ಷಗಟ್ಟಲೆ ನೋಡಿ ಕಲಿತದ್ದು.

ಒಂದು ತಮಾಷೆ ನೋಡಿ, ತಮಾಷೆ ಅನ್ನಬಾರದು. ಮಗು ಎರಡು ತಿಂಗಳಿದ್ದಾಗ ಹಾಲು ಕುಡಿಯುವಾಗ ಏದುಸಿರು ಬಿಡುತ್ತದೆ, ಹಣೆ ಬೆವರುತ್ತದೆ, ತೂಕ ಏರುವುದಿಲ್ಲ. ಒಂದು ವರ್ಷ ಆಗುವಷ್ಟರಲ್ಲಿ ಉಸಿರಾಟ ಸಲೀಸಾಗುತ್ತದೆ, ಮೈ ತುಂಬಿಕೊಳ್ಳುತ್ತದೆ. ಮನೆಯವರು ‘ದೇವ್ರು ಕಣ್ಣು ಬಿಟ್ಟ, ಆರಾಮ ಆತು’ ಅಂತ ಸಮಾಧಾನ ಪಡುತ್ತಾರೆ. ಎಷ್ಟೋ ಸಲ ಅದು ಆರಾಮ ಆಗಿದ್ದಲ್ಲ. ರಕ್ತನಾಳ ಬಿಗಿದು, ಶ್ವಾಸಕೋಶಕ್ಕೆ ನುಗ್ಗುವ ರಕ್ತ ಕಡಿಮೆ ಆಗಿರುತ್ತದೆ, ಅಷ್ಟೇ. ನನ್ನ ಹತ್ತಿರ ಆ ಹೊತ್ತಿಗೆ ಬಂದ ಮಕ್ಕಳಿದ್ದಾರೆ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಲು ಕಳಿಸಿ, ರಿಪೋರ್ಟು ನೋಡಿ, ಅಪ್ಪ ಅಮ್ಮನಿಗೆ ಏನು ಹೇಳುವುದು ಅಂತ ಕೂತದ್ದಿದೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯಲ್ಲಿ, ಪುಟ್ಟಪರ್ತಿಯಲ್ಲಿ ದುಡ್ಡಿಲ್ಲದೆ ಹೃದಯದ ಆಪರೇಷನ್ ಮಾಡುತ್ತಾರೆ. ಸರಕಾರದ ಕಾರ್ಡೂ ಇದೆ. ಹಾಗಾದರೆ ನಮ್ಮ ಜಿಲ್ಲೆಯ ಮಗು ಯಾಕೆ ತಡವಾಗಿ ತಲುಪುತ್ತದೆ? ಹೆರಿಗೆ ಆದ ಆಸ್ಪತ್ರೆಯಲ್ಲಿ ಗುರುತು ಸಿಗಲಿಲ್ಲವಾ? ಸಿಕ್ಕರೂ ಎಕೋ ದಿನಾಂಕ ಸಿಗಲಿಲ್ಲವಾ? ಬಾಣಂತನ ಮುಗಿಯದೆ ಹೊರಗೆ ಕಳಿಸುವುದಿಲ್ಲ ಅಂದರಾ? ನಾವು ಊಹೆ ಮಾಡುತ್ತೇವೆ. ಲೆಕ್ಕ ಇಟ್ಟು ನೋಡಿದವರಿಲ್ಲ. ನಾನು ಸಂಶೋಧನೆ ಅನ್ನುವುದು ಇದನ್ನು. ಬಿಳಿ ಇಲಿ, ಮೈಕ್ರೋಸ್ಕೋಪು ಎಲ್ಲಾ ಆಮೇಲೆ.

ಇನ್ನೊಂದು ಉದಾಹರಣೆ ರಕ್ತದ ಕ್ಯಾನ್ಸರಿನದು. ಈ ಮಕ್ಕಳಿಗೆ ಅದು ಬರುವ ಸಾಧ್ಯತೆ ಬೇರೆ ಮಕ್ಕಳಿಗಿಂತ ಹೆಚ್ಚು. ಐದು ವರ್ಷದ ಒಳಗೆ ಬರುವ ಒಂದು ಬಗೆ ಇದೆ, ಮೈಲಾಯ್ಡ್ ಲ್ಯುಕೇಮಿಯಾ. ಮೊದಲು ಎಲ್ಲರಿಗೂ ಕೊಡುವಷ್ಟೇ ಜೋರು ಕೀಮೋ ಕೊಡುತ್ತಿದ್ದರು. ಕೆಲವು ಮಕ್ಕಳು ಕ್ಯಾನ್ಸರಿನಿಂದಲ್ಲ, ಔಷಧಿಯ ಹೊಡೆತದಿಂದ ಸಾಯುತ್ತಿದ್ದರು. ಆಮೇಲೆ ಗಮನಿಸಿ ನೋಡಿದಾಗ ಗೊತ್ತಾಯಿತು, ಈ ಮಕ್ಕಳ ಕ್ಯಾನ್ಸರ್ ಕೋಶಗಳು ಕೀಮೋಗೆ ಬೇಗ ಮಣಿಯುತ್ತವೆ, ಹಾಗಾಗಿ ಡೋಸ್ ಕಡಿಮೆ ಮಾಡಬಹುದು ಅಂತ. ಈಗ ಸರಿಯಾಗಿ ಚಿಕಿತ್ಸೆ ಸಿಕ್ಕರೆ ಆ ಬಗೆಯ ಕ್ಯಾನ್ಸರಿನಲ್ಲಿ ಇವರು ಗುಣ ಆಗುವ ಪ್ರಮಾಣ ಬೇರೆ ಮಕ್ಕಳಿಗಿಂತ ಮೇಲು. ಯೋಚನೆ ಮಾಡಿ, ಸಂಶೋಧನೆಯಿಂದ ಸಿಕ್ಕಿದ್ದು ಹೊಸ ಔಷಧಿ ಅಲ್ಲ. ಇದ್ದ ಔಷಧಿಯನ್ನೇ ಕಡಿಮೆ ಕೊಡಿ ಅನ್ನುವ ತಿಳುವಳಿಕೆ. ಅದರಲ್ಲಿ ಯಾವ ಕಂಪನಿಗೂ ಲಾಭ ಇಲ್ಲ. ಹಾಗಾಗಿ ಕಂಪನಿ ದುಡ್ಡಿನಿಂದ ಅಂಥ ಸಂಶೋಧನೆ ನಡೆಯುವುದು ಕಷ್ಟ. ಸಾರ್ವಜನಿಕರ ದುಡ್ಡು ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ನನಗೆ ಗೊತ್ತಿಲ್ಲ.

ದುಡ್ಡು ಹೇಗೆ ಬಂತು ಅನ್ನುವ ಕಥೆಯೂ ಇದೆ. ಇಂಗ್ಲೆಂಡಿನ ಲ್ಯಾಂಗ್ಡನ್ ಡೌನ್ ಈ ಸ್ಥಿತಿಯ ಬಗ್ಗೆ ಬರೆದದ್ದು 1866ರಲ್ಲಿ. ಒಂದು ಕ್ರೋಮೋಸೋಮ್ ಹೆಚ್ಚಿದೆ ಅಂತ ಪ್ಯಾರಿಸ್ಸಿನಲ್ಲಿ ಲೆಜೂನ್, ಮಾರ್ಥ್ ಗೋತಿಯೇ, ತುರ್ಪ್ಯಾ ಪ್ರಕಟಿಸಿದ್ದು 1959ರಲ್ಲಿ. ಕೋಶಗಳನ್ನು ಬೆಳೆಸಿದ ಗೋತಿಯೇ ಅವರ ಹೆಸರು ಬಹಳ ಕಾಲ ಹಿಂದೆ ಉಳಿಯಿತು, ಆ ಮಾತು ಬೇರೆ. ಕಾರಣ ಗೊತ್ತಾದ ಮೇಲೆ ಸಂಶೋಧನೆ ಜೋರಾಗಬೇಕಿತ್ತು. ಆದರೆ ಈ ಶತಮಾನದ ಶುರುವಿನಲ್ಲಿ ಅಮೆರಿಕದ ಸರಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಕೊಡುತ್ತಿದ್ದ ದುಡ್ಡಿನಲ್ಲಿ ಡೌನ್ ಸಿಂಡ್ರೋಮ್ ತೀರಾ ಹಿಂದೆ ಬಿದ್ದಿತ್ತು. ನನ್ನ ಅನಿಸಿಕೆ ಹೇಳುತ್ತೇನೆ. ಗರ್ಭದಲ್ಲೇ ಪತ್ತೆ ಮಾಡುವ ಪರೀಕ್ಷೆಗಳು ಬಂದ ಮೇಲೆ ‘ಮುಂದೆ ಇಂಥ ಮಕ್ಕಳೇ ಹುಟ್ಟುವುದಿಲ್ಲ, ಖರ್ಚು ಯಾಕೆ’ ಅನ್ನುವ ಭಾವನೆ ಎಲ್ಲೋ ಒಳಗೆ ಕೆಲಸ ಮಾಡಿತ್ತು. ಹುಟ್ಟಿ ಬೆಳೆದು ಎದುರಿಗೆ ಕೂತಿರುವವರ ಗತಿ ಏನು ಅಂತ ಯಾರೂ ಕೇಳಲಿಲ್ಲ.

ಕೇಳಿದವರು ತಂದೆತಾಯಂದಿರು. ಅವರು ಸಂಸ್ಥೆ ಕಟ್ಟಿದರು, ಸಂಸದರ ಬಾಗಿಲು ತಟ್ಟಿದರು. 2017ರ ಅಕ್ಟೋಬರಿನಲ್ಲಿ ಅಮೆರಿಕ ಸಂಸತ್ತಿನ ಬಜೆಟ್ ಹಂಚುವ ಉಪಸಮಿತಿಯೊಂದು ಡೌನ್ ಸಿಂಡ್ರೋಮ್ ಸಂಶೋಧನೆಯ ಬಗ್ಗೆಯೇ ವಿಚಾರಣೆ ಇಟ್ಟಿತು. ಅಲ್ಲಿ ಫ್ರಾಂಕ್ ಸ್ಟೀಫನ್ಸ್ ಅನ್ನುವವರು ಮಾತಾಡಿದರು. ಅವರಿಗೇ ಡೌನ್ ಸಿಂಡ್ರೋಮ್ ಇದೆ. ‘ನಾನು ಡೌನ್ ಸಿಂಡ್ರೋಮ್ ಇರುವ ಮನುಷ್ಯ. ನನ್ನ ಬದುಕಿಗೆ ಬೆಲೆ ಇದೆ’ ಅಂದರು. ನಮ್ಮಿಂದ ಕ್ಯಾನ್ಸರ್, ಅಲ್ಜೈಮರ್ ಅನ್ನುವ ಮರೆವಿನ ಕಾಯಿಲೆ ಬಗ್ಗೆ ನೀವೇ ಕಲಿಯುವುದಿದೆ ಅಂತಲೂ ಹೇಳಿದರು. ಆ ಭಾಷಣದ ವಿಡಿಯೋ ಇದೆ, ನೋಡಿ. ಮರುವರ್ಷ, 2018ರಲ್ಲಿ, ಎನ್‌ಐಎಚ್ ‘ಇನ್‌ಕ್ಲೂಡ್’ ಅನ್ನುವ ಯೋಜನೆ ಶುರು ಮಾಡಿತು. ಮೊದಲ ವರ್ಷ ಸುಮಾರು 22 ಮಿಲಿಯನ್ ಡಾಲರ್. 2023ರ ಹೊತ್ತಿಗೆ ಅದು 90 ಮಿಲಿಯನ್ ಆಯಿತು, ಅಂದರೆ ಸುಮಾರು 750 ಕೋಟಿ ರೂಪಾಯಿ. ಬಾಯಿ ಬಿಡಬೇಡಿ. ಆ ಸಂಸ್ಥೆಯ ಒಟ್ಟು ಬಜೆಟ್ಟಿನಲ್ಲಿ ಅದು ಸಾವಿರ ರೂಪಾಯಿಗೆ ಎರಡು ರೂಪಾಯಿ ಕೂಡ ಆಗುವುದಿಲ್ಲ.

ಆ ಯೋಜನೆಯ ಮೂರು ಭಾಗದಲ್ಲಿ ಒಂದು ನನಗೆ ಬಹಳ ಹಿಡಿಸಿತು: ಡೌನ್ ಸಿಂಡ್ರೋಮ್ ಇರುವವರನ್ನು ಬೇರೆ ಕಾಯಿಲೆಗಳ ಔಷಧಿ ಪ್ರಯೋಗಗಳಲ್ಲಿ ಸೇರಿಸಿಕೊಳ್ಳುವುದು. ಯಾಕೆ ಅಂದರೆ ಅಲ್ಲಿವರೆಗೂ ಇವರನ್ನು ಅಂಥ ಬಹಳಷ್ಟು ಪ್ರಯೋಗಗಳಿಂದ ಹೊರಗೆ ಇಡುವುದೇ ರೂಢಿ.

ಅಲ್ಜೈಮರ್ ವಿಷಯದಲ್ಲಿ ಇದು ನಿಜಕ್ಕೂ ಅನ್ಯಾಯ. 1984ರಲ್ಲಿ ಗ್ಲೆನ್ನರ್ ಮತ್ತು ವಾಂಗ್ ಅನ್ನುವ ಇಬ್ಬರು ವಿಜ್ಞಾನಿಗಳು ಅಲ್ಜೈಮರ್ ರೋಗಿಗಳ ಮೆದುಳಿನಲ್ಲಿ ಕೂರುವ ಅಮೈಲಾಯ್ಡ್ ಅನ್ನುವ ಪ್ರೋಟೀನನ್ನು ಬೇರ್ಪಡಿಸಿದರು. ಅದೇ ಪ್ರೋಟೀನು ಡೌನ್ ಸಿಂಡ್ರೋಮ್ ಇದ್ದವರ ಮೆದುಳಿನಲ್ಲೂ ಸಿಕ್ಕಿತು. ಹಾಗಾದರೆ ಇದರ ಜೀನ್ 21ನೇ ಕ್ರೋಮೋಸೋಮಿನಲ್ಲೇ ಇರಬೇಕು ಅಂತ ಅಂದಾಜು ಮಾಡಿದರು. 1987ರಲ್ಲಿ ಅಲ್ಲೇ ಸಿಕ್ಕಿತು. ಇಡೀ ಜಗತ್ತಿನ ಅಲ್ಜೈಮರ್ ಸಂಶೋಧನೆ ಆ ಎಳೆ ಹಿಡಿದು ಓಡಿತು. ಡೌನ್ ಸಿಂಡ್ರೋಮ್ ಇರುವವರಲ್ಲಿ 40 ವರ್ಷದ ಹೊತ್ತಿಗೆ ಹೆಚ್ಚೂಕಡಿಮೆ ಎಲ್ಲರ ಮೆದುಳಿನಲ್ಲೂ ಈ ಪ್ರೋಟೀನು ಕೂತಿರುತ್ತದೆ, ಐವತ್ತರ ನಂತರ ಬಹಳ ಜನಕ್ಕೆ ಮರೆವಿನ ಕಾಯಿಲೆ ಶುರುವಾಗುತ್ತದೆ. ಇಷ್ಟೆಲ್ಲಾ ಆದಮೇಲೆ, ಆ ಪ್ರೋಟೀನನ್ನೇ ತೆಗೆಯುವ ಔಷಧಿಗಳು ಬಂದವು. ಲೆಕನೆಮ್ಯಾಬ್ 2023ರಲ್ಲಿ, ಡೊನಾನೆಮ್ಯಾಬ್ 2024ರಲ್ಲಿ ಅಮೆರಿಕದಲ್ಲಿ ಪೂರ್ತಿ ಒಪ್ಪಿಗೆ ಪಡೆದವು. ಆ ಒಪ್ಪಿಗೆಗೆ ಕಾರಣವಾದ ದೊಡ್ಡ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರನ್ನು ಸೇರಿಸಿಕೊಂಡಿರಲಿಲ್ಲ. ದಾರಿ ತೋರಿಸಿದವರೇ ಬಾಗಿಲ ಹೊರಗೆ. ಮೆದುಳಿನ ರಕ್ತನಾಳದಲ್ಲೂ ಇವರಿಗೆ ಅಮೈಲಾಯ್ಡ್ ಜಾಸ್ತಿ, ರಕ್ತಸ್ರಾವದ ಭಯ ಇದೆ. ಒಪ್ಪುತ್ತೇನೆ. ಆದರೆ ಭಯ ಇದ್ದರೆ ಅದಕ್ಕೆ ಬೇರೆಯದೇ ಪ್ರಯೋಗ ಎಚ್ಚರಿಕೆಯಿಂದ ಮಾಡಬೇಕು, ಕೈಬಿಡಬಾರದು. ಈಗ ಅಂಥ ಪ್ರಯತ್ನ ಶುರುವಾಗಿದೆ.

ಎಲ್ಲ ಖರ್ಚೂ ಫಲ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಇಲ್ಲಿ ಬೋರ್ ಕೊರೆಸಿದವರು ಬಹಳ ಜನ ಇದ್ದೀರಿ, ನೀರು ಬರದ ಬೋರಿನ ಬಿಲ್ಲನ್ನೂ ಕಟ್ಟಿದ್ದೀರಿ. ರೋಶ್ ಕಂಪನಿ ಡೌನ್ ಸಿಂಡ್ರೋಮ್ ಇರುವವರ ಕಲಿಕೆ, ನೆನಪು ಸುಧಾರಿಸಲು ಬಾಸ್ಮಿಸಾನಿಲ್ ಅನ್ನುವ ಔಷಧಿ ಪ್ರಯೋಗ ಮಾಡಿತು. ಇಲಿಗಳಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡಿತ್ತು. ಮನುಷ್ಯರಲ್ಲಿ ಮಾಡಲಿಲ್ಲ. 2016ರಲ್ಲಿ ನಿಲ್ಲಿಸಿದರು.

ಇನ್ನು ನಿಮ್ಮ ವಾಟ್ಸಾಪಿನ ವಿಷಯ. ‘ಜಪಾನಿನಲ್ಲಿ ಡೌನ್ ಸಿಂಡ್ರೋಮಿಗೆ ಔಷಧಿ ಸಿಕ್ಕಿತು’ ಅಂತ ಒಂದು ಮೆಸೇಜು ಓಡಾಡುತ್ತಿದೆ. ನನಗೇ ಎಷ್ಟೋ ಜನ ಕಳಿಸಿದ್ದೀರಿ. 2025ರಲ್ಲಿ ಮಿಯೆ ವಿಶ್ವವಿದ್ಯಾಲಯದವರು ಜೀನ್ ಕತ್ತರಿಸುವ ತಂತ್ರ ಬಳಸಿ ಹೆಚ್ಚುವರಿ ಕ್ರೋಮೋಸೋಮನ್ನು ತೆಗೆದದ್ದು ನಿಜ. ಆದರೆ ಎಲ್ಲಿ? ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿ. ಅದೂ ಎಲ್ಲ ಕೋಶಗಳಲ್ಲಿ ಅಲ್ಲ. ಮಗುವಿನ ಮೈಯಲ್ಲಿ ಲಕ್ಷ ಕೋಟಿಗಟ್ಟಲೆ ಕೋಶಗಳಿವೆ. ಆ ಮೆಸೇಜು ನೋಡಿ ಯಾರಾದರೂ ಥೈರಾಯ್ಡ್ ಮಾತ್ರೆ ನಿಲ್ಲಿಸಿದರೆ, ಅಥವಾ ಯಾವನೋ ‘ಸ್ಟೆಮ್ ಸೆಲ್’ ಅಂತ ಲಕ್ಷಗಟ್ಟಲೆ ಕೇಳಿದಾಗ ಹೊಲ ಮಾರಿದರೆ, ನನ್ನ ಹತ್ತಿರ ಬಂದು ಬೈಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಅಮೆರಿಕದವರು ಅಷ್ಟು ಖರ್ಚು ಮಾಡುತ್ತಿದ್ದಾರಲ್ಲ, ಅವರು ಕಂಡುಹಿಡಿದದ್ದನ್ನು ನಾವು ಬಳಸಿಕೊಂಡರೆ ಸಾಕಲ್ವಾ? ಸಭೆಗೆ ಮುಂಚೆ ಒಬ್ಬ ಹಿರಿಯರು ಇದನ್ನೇ ಕೇಳಿದರು. ಅರ್ಧ ಸರಿ. ಕೀಮೋ ಡೋಸು, ಅಮೈಲಾಯ್ಡ್ ಎಲ್ಲ ಅಲ್ಲಿಂದ ತೆಗೆದುಕೊಳ್ಳೋಣ. ಆದರೆ ನನ್ನ ಕ್ಲಿನಿಕ್ಕಿನಲ್ಲಿ ಮಗುವಿನ ತೂಕ, ಎತ್ತರ ಗುರುತು ಹಾಕುವ ಡೌನ್ ಸಿಂಡ್ರೋಮ್ ಚಾರ್ಟು ಅಮೆರಿಕದ ಮಕ್ಕಳನ್ನು ಅಳೆದು 2015ರಲ್ಲಿ ಮಾಡಿದ್ದು. ಸಂಡೂರಿನ ಮಗುವನ್ನು ಅದರ ಮೇಲೆ ಇಟ್ಟರೆ ಕೆಳಗಿನ ಗೆರೆಯಲ್ಲಿ ಕೂರುತ್ತದೆ. ಅದು ಮಗುವಿನ ಸಹಜ ಬೆಳವಣಿಗೆಯಾ, ಊಟದ ಕೊರತೆಯಾ, ಥೈರಾಯ್ಡಾ? ಚಾರ್ಟು ಹೇಳುವುದಿಲ್ಲ.

ಇನ್ನೊಂದು, ನನಗೆ ಬಹಳ ದಿನದಿಂದ ಕಾಡುವ ಪ್ರಶ್ನೆ. ಈ ಮಕ್ಕಳಿಗೆ ಸೀಲಿಯಾಕ್ ಅನ್ನುವ ಕರುಳಿನ ತೊಂದರೆ ಹೆಚ್ಚು. ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದೆ ಬರುವುದು. ಜೋಳದಲ್ಲಿ ಗ್ಲುಟೆನ್ ಇಲ್ಲ. ನಮ್ಮಲ್ಲಿ ಅಜ್ಜಿ ಕೈಯ ಜೋಳದ ರೊಟ್ಟಿ ತಿಂದು ಬೆಳೆದ ಮಕ್ಕಳಿದ್ದಾರೆ, ಈಗ ಬರೀ ಬಿಸ್ಕತ್ತು, ಬ್ರೆಡ್ಡು, ಚಪಾತಿಯಲ್ಲಿ ಬೆಳೆಯುವ ಮಕ್ಕಳೂ ಇದ್ದಾರೆ. ಹೊಟ್ಟೆ ಉಬ್ಬರ, ಭೇದಿ, ತೂಕ ಏರದಿರುವುದು ಇವರಿಬ್ಬರಲ್ಲಿ ಯಾರಿಗೆ ಹೆಚ್ಚು? ಇದನ್ನು ಅಮೆರಿಕದ ಕೊಲರಾಡೋದಲ್ಲಿ ಕೂತವರು ಯಾಕೆ ಕೇಳುತ್ತಾರೆ? ಬಳ್ಳಾರಿ, ರಾಯಚೂರು, ಕೊಪ್ಪಳದವರೇ ಕೇಳಬೇಕು.

ಕಾರಣದ ಬಗ್ಗೆಯೂ ಒಂದು ಮಾತು. ‘ಅಕ್ಕನ ಮಗಳನ್ನ ಮಾಡ್ಕೊಂಡಿದ್ದಕ್ಕೆ ಹಿಂಗಾತು’ ಅಂತ ಸೊಸೆಯನ್ನೋ ಮಗನನ್ನೋ ಬೈಯುವವರಿದ್ದಾರೆ. ಗ್ರಹಣದ ಮೇಲೆ ಹಾಕುವವರೂ ಇದ್ದಾರೆ. ರಕ್ತಸಂಬಂಧದ ಮದುವೆಯಿಂದ ಬರುವ ಕಾಯಿಲೆಗಳು ಬೇರೆ ಇವೆ, ಅದಕ್ಕೆ ಎಚ್ಚರ ಬೇಕು. ಇದು ಆ ಜಾತಿಯದ್ದಲ್ಲ. ನೂರಕ್ಕೆ ಸುಮಾರು 95 ಮಕ್ಕಳಲ್ಲಿ ಇದು ಅಂಡಾಣುವೋ ವೀರ್ಯಾಣುವೋ ಆಗುವಾಗ ಕ್ರೋಮೋಸೋಮ್ ಬೇರೆಯಾಗದೆ ಉಳಿದದ್ದರಿಂದ ಆಗುತ್ತದೆ, ಯಾರ ತಪ್ಪೂ ಅಲ್ಲ. ತಾಯಿಗೆ ವಯಸ್ಸಾದಷ್ಟೂ ಸಾಧ್ಯತೆ ಏರುವುದು ನಿಜ, ಇಪ್ಪತ್ತರಲ್ಲಿ ಸುಮಾರು 1,500ಕ್ಕೆ ಒಂದು, ನಲವತ್ತರಲ್ಲಿ 100ಕ್ಕೆ ಒಂದು. ಆದರೆ ನಮ್ಮಲ್ಲಿ ಹೆರುವವರು ಚಿಕ್ಕ ವಯಸ್ಸಿನವರೇ ಜಾಸ್ತಿ. ಹಾಗಾಗಿ ನನ್ನ ಎದುರು ಕೂರುವ ತಾಯಂದಿರಲ್ಲಿ ಬಹಳ ಜನ ಇಪ್ಪತ್ತು, ಇಪ್ಪತ್ತೈದರವರು.

ನೂರಕ್ಕೆ ಮೂರು, ನಾಲ್ಕು ಮಕ್ಕಳಲ್ಲಿ ಮಾತ್ರ 21ನೇ ಕ್ರೋಮೋಸೋಮ್ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಅದು ಅಪ್ಪ ಅಥವಾ ಅಮ್ಮನಿಂದ ಬಂದಿರಬಹುದು, ಮುಂದಿನ ಮಗುವಿಗೂ ಬರಬಹುದು. ಅದನ್ನು ತಿಳಿಯಲು ಕ್ರೋಮೋಸೋಮುಗಳನ್ನು ಎಣಿಸಿ ನೋಡುವ ಕ್ಯಾರಿಯೋಟೈಪ್ ಪರೀಕ್ಷೆ ಬೇಕು. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿನಲ್ಲಿ ರಕ್ತ ತೆಗೆಯಬೇಕು. ನೇರಳೆ ಮುಚ್ಚಳದ್ದರಲ್ಲಿ ತೆಗೆದರೆ ಆಗಲ್ಲ. ಯಾಕೆಂದರೆ ಲ್ಯಾಬಿನಲ್ಲಿ ಕೋಶಗಳನ್ನು 72 ಗಂಟೆ ಬೆಳೆಸಬೇಕು, ಅವು ಜೀವಂತ ಇರಬೇಕು. ಆ ಟ್ಯೂಬು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕೊರಿಯರ್ ಆಫೀಸಿನ ಶೆಡ್ಡಿನಲ್ಲಿ ಅರ್ಧ ದಿನ ಕೂತರೆ ಕೋಶಗಳು ಸತ್ತವು. ಬಿಸಿಲಿಗೆ ಹೆದರಿ ಐಸಿಗೆ ತಾಗಿಸಿ ಇಟ್ಟರೂ ಕೆಟ್ಟವು, ನಡುವೆ ಬಟ್ಟೆಯೋ ಥರ್ಮಾಕೋಲೋ ಇರಬೇಕು. ಎರಡು ಮೂರು ವಾರ ಕಾದ ಮೇಲೆ ‘ಕಲ್ಚರ್ ಫೇಲ್, ಸ್ಯಾಂಪಲ್ ಮತ್ತೆ ಕಳಿಸಿ’ ಅಂತ ಬರುತ್ತದೆ. ಅಷ್ಟು ಹೊತ್ತಿಗೆ ಆ ತಾಯಿ ತವರಿಗೆ ಹೋಗಿರುತ್ತಾಳೆ, ಫೋನ್ ನಂಬರ್ ಬದಲಾಗಿರುತ್ತದೆ.

ದುಡ್ಡು ಎಲ್ಲಿದೆ? ನಮ್ಮ ಕಾಲಡಿಯಲ್ಲೇ ಇದೆ. 2015ರಿಂದ ಗಣಿ ಕಂಪನಿಗಳು ರಾಜಧನದ (ರಾಯಲ್ಟಿ) ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ದುಡ್ಡು ಕಟ್ಟಬೇಕು. ಹರಾಜಿನಲ್ಲಿ ಪಡೆದ ಗಣಿಯಾದರೆ ರಾಜಧನದ ನೂರಕ್ಕೆ 10 ಪಾಲು, ಹಳೇ ಗಣಿಯಾದರೆ ನೂರಕ್ಕೆ 30 ಪಾಲು. ಗಣಿ ಬಾಧಿತ ಪ್ರದೇಶದ ಜನರಿಗೆ ಅದು ಸೇರಬೇಕು. ಆರೋಗ್ಯ, ಮಹಿಳೆಯರು ಮತ್ತು ಮಕ್ಕಳು, ವೃದ್ಧರು ಮತ್ತು ಅಂಗವಿಕಲರು, ಇವೆಲ್ಲ ಆದ್ಯತೆಯ ಪಟ್ಟಿಯಲ್ಲೇ ಇವೆ. ಆಮೇಲೆ ಸಿಎಸ್ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಸರಾಸರಿಯಲ್ಲಿ ನೂರಕ್ಕೆ 2 ಪಾಲು ಕೊಡಬೇಕು. ಸರಕಾರ ದುಡ್ಡು ಹಾಕಿದ ವೈದ್ಯಕೀಯ ಸಂಶೋಧನೆಗೂ ಅದನ್ನು ಕೊಡಬಹುದು ಅಂತ ಏಳನೇ ಅನುಸೂಚಿಯಲ್ಲಿದೆ, ಮುಂದಿನ ಸಾಲಿನ ಲೆಕ್ಕಪರಿಶೋಧಕರು ತಲೆ ಆಡಿಸುತ್ತಿದ್ದಾರೆ. ಸಂವಿಧಾನದ 371ಜೆ ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗುತ್ತಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 28ನೇ ಸೆಕ್ಷನ್ ಸರಕಾರವೇ ಸಂಶೋಧನೆ ಮಾಡಿಸಬೇಕು ಅನ್ನುತ್ತದೆ. ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪ ಕೇಳುವವರು ಸಾಲುಗಟ್ಟಿ ನಿಂತಿದ್ದಾರೆ. ನಾವು ಅರ್ಜಿಯನ್ನೇ ಹಾಕಿಲ್ಲ.

ರಾಯಚೂರಿಗೆ ಏಮ್ಸ್ ಬೇಕು ಅಂತ ಅಲ್ಲಿನವರು ವರ್ಷಗಟ್ಟಲೆ ಧರಣಿ ಕೂತರು. ನ್ಯಾಯವಾದ ಬೇಡಿಕೆ. ಆದರೆ ಏಮ್ಸ್ ಬರುವವರೆಗೂ ಕಾಯಬೇಕಾದ ಕೆಲಸ ಇದಲ್ಲ. ಬಳ್ಳಾರಿಯಲ್ಲಿ ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ, 1961ರಿಂದ ಇರುವ ಮೆಡಿಕಲ್ ಕಾಲೇಜಿದೆ. ರಾಯಚೂರಿನಲ್ಲಿ ರಿಮ್ಸ್ ಇದೆ, ಕೊಪ್ಪಳದಲ್ಲಿ ಕಿಮ್ಸ್ ಇದೆ. ಮಕ್ಕಳ ವಿಭಾಗದ ಪಿಜಿ ವಿದ್ಯಾರ್ಥಿಗಳು ಹೇಗಿದ್ದರೂ ಥೀಸಿಸ್ ಬರೆಯಲೇಬೇಕು. ಈಗ ಏನಾಗುತ್ತದೆ? ಒಬ್ಬರು ಒಂದಷ್ಟು ಮಕ್ಕಳನ್ನು ನೋಡಿ ಬರೆಯುತ್ತಾರೆ, ಬೈಂಡಿಂಗ್ ಮಾಡಿಸುತ್ತಾರೆ, ಪರೀಕ್ಷೆ ಮುಗಿಯುತ್ತದೆ, ಪುಸ್ತಕ ಲೈಬ್ರರಿ ಸೇರುತ್ತದೆ. ಮುಂದಿನವರು ಮತ್ತೆ ಸೊನ್ನೆಯಿಂದ ಶುರು. ಅದರ ಬದಲು ಒಂದೇ ರಿಜಿಸ್ಟರು, ಪ್ರತಿ ಬ್ಯಾಚಿನವರು ಅದೇ ಮಕ್ಕಳನ್ನು ಮುಂದುವರಿಸಿ ನೋಡಿದರೆ? ಐದು ವರ್ಷಕ್ಕೆ ದೇಶದಲ್ಲಿ ಯಾರ ಹತ್ತಿರವೂ ಸುಲಭಕ್ಕೆ ಸಿಗದ ಮಾಹಿತಿ ನಮ್ಮ ಹತ್ತಿರ ಇರುತ್ತದೆ.

ಖರ್ಚು ಎಷ್ಟು? ಸಾವಿರಕ್ಕೆ ಒಂದು ಅಂತ ಹಿಡಿದರೂ 25,000 ಹೆರಿಗೆ ಆಗುವ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 25 ಹೊಸ ಮಕ್ಕಳು. ಅವರಿಗೆ ಹುಟ್ಟಿದ ಕೂಡಲೇ ಎಕೋ. ಥೈರಾಯ್ಡಿನ ಟಿಎಸ್ಎಚ್ ಹುಟ್ಟಿದಾಗ, ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷಕ್ಕೊಮ್ಮೆ. ಕಿವಿ, ಕಣ್ಣು. ಒಬ್ಬ ನರ್ಸ್, ಫೋನು ಮಾಡಿ ನೆನಪಿಸುವ ಒಬ್ಬರು, ಬಸ್ ಚಾರ್ಜು. 2013ರಿಂದ ಆರ್‌ಬಿಎಸ್‌ಕೆ ಅನ್ನುವ ಸರಕಾರಿ ಮಕ್ಕಳ ತಪಾಸಣೆ ಯೋಜನೆಯ ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ ತಪಾಸಣೆ ಮಾಡುತ್ತಿವೆ, ಅವರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ. ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ ಹೋಗುತ್ತಾರೆ. ಜನ ಇದ್ದಾರೆ, ಪಟ್ಟಿ ಇದೆ. ಒಬ್ಬರು ಬರೆದದ್ದು ಇನ್ನೊಬ್ಬರ ಕೈಗೆ ತಲುಪುವ ವ್ಯವಸ್ಥೆ ಇಲ್ಲ. ಈ ಸಾಲಿನಲ್ಲಿ ಕೂತವರ ಪೈಕಿ ಒಬ್ಬರು ಮಗಳ ಮದುವೆಯ ಶಾಮಿಯಾನಕ್ಕೆ ಕೊಟ್ಟ ದುಡ್ಡಿನಲ್ಲಿ ಇದು ಒಂದು ವರ್ಷ ನಡೆದೀತು. ನಗಬೇಡಿ, ಹೆಸರು ಹೇಳುವುದಿಲ್ಲ.

ಕೊಡುವವರಿಗೆ ನನ್ನದೂ ಷರತ್ತುಗಳಿವೆ. ಎಥಿಕ್ಸ್ ಸಮಿತಿಯ ಒಪ್ಪಿಗೆ ಇಲ್ಲದೆ ಒಂದು ಹನಿ ರಕ್ತ ತೆಗೆಯುವಂತಿಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಗಡಿ ಊರುಗಳಲ್ಲಿ ತೆಲುಗಿನಲ್ಲೂ. ಓದಿ ಹೇಳಬೇಕು. ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಅದಕ್ಕೆ ತಿಳಿಯುವ ಹಾಗೆ ಕೇಳಬೇಕು. ತಲೆ ಅಲ್ಲಾಡಿಸಿ ಬೇಡ ಅಂದರೆ ಬೇಡ, ಅಷ್ಟೇ. ಸಮಿತಿಯಲ್ಲಿ ತಂದೆತಾಯಂದಿರು ಇರಬೇಕು, ಹಾರ ಹಾಕಿಸಿಕೊಳ್ಳಲು ಅಲ್ಲ, ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ ಹೇಳಲು. ಎಕೋದಲ್ಲಿ ತೊಂದರೆ ಕಂಡರೆ ಆಪರೇಷನ್ನಿನ ತನಕ ಕೈಹಿಡಿದು ನಡೆಸಬೇಕು. ಬರೀ ಎಣಿಸಿ ಬಿಡುವುದಾದರೆ ನಾನಿಲ್ಲ.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಹೆಚ್ಚಿನವು ಕಾರ್ಡು, ಪಿಂಚಣಿಯವು. ನಿರಾಮಯ ವಿಮೆ ಬಗ್ಗೆ ಒಬ್ಬರು ಕೇಳಿದರು. ಇದು ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟಿನದು, ವರ್ಷಕ್ಕೆ 1 ಲಕ್ಷದವರೆಗೆ ಇದೆ, ಹೊರರೋಗಿ ಖರ್ಚೂ ಸೇರುತ್ತದೆ, ಮಾಡಿಸಿಕೊಳ್ಳಿ ಅಂದೆ. ಉದ್ಯಮಿಯೊಬ್ಬರು ಎದ್ದು, ‘ಮೇಡಮ್, ದುಡ್ಡು ಕೊಟ್ರ ವರ್ಷದ ಕೊನೇಗೆ ನಮಗ ಏನ್ ತೋರಸ್ತೀರಿ?’ ಅಂದರು. ಒಳ್ಳೆ ಪ್ರಶ್ನೆ. ಮೊದಲ ವರ್ಷ ಒಂದೇ ಹಾಳೆ ತೋರಿಸುತ್ತೇನೆ ಅಂದೆ. ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ದಿನಕ್ಕೆ ಎಕೋ ಆಯಿತು, ಆಪರೇಷನ್ ಬೇಕಿದ್ದವರಲ್ಲಿ ಎಷ್ಟು ಮಂದಿ ಆರು ತಿಂಗಳ ಒಳಗೆ ತಲುಪಿದರು. ಅಂಕಿ ಕೆಟ್ಟದಾಗಿದ್ದರೂ ಅದನ್ನೇ ತೋರಿಸುತ್ತೇನೆ.

ಕೊನೆಯಲ್ಲಿ ಕುರುಗೋಡು ಕಡೆಯ ಒಬ್ಬ ಹೆಣ್ಣುಮಗಳು ಮೈಕ್ ತೆಗೆದುಕೊಂಡರು. ‘ಮೇಡಮ್ರೀ, ನೀವು ಬರೇ ಸಣ್ಣ ಹುಡುಗ್ರು ಬಗ್ಗೆ ಹೇಳಿದ್ರಿ. ನಮ್ಮಕ್ಕಗ ಮೂವತ್ತೆಂಟು. ಅವ್ವ ಹೋದಾಗಿಂದ ಮಾತು ಕಮ್ಮಿ ಮಾಡ್ಯಾಳ, ಬಚ್ಚಲಕ್ಕ ಹೋಗೂದೂ ಮರೀತಾಳ. ಎಲ್ಲಿ ತೋರಸ್ಬೇಕು?’ ಸಭೆ ಸುಮ್ಮನಾಯಿತು, ಯಾಕಂದರೆ ಆರ್‌ಬಿಎಸ್‌ಕೆ 18ಕ್ಕೆ ಮುಗಿಯುತ್ತದೆ, ನಾನೂ ಮಕ್ಕಳ ಡಾಕ್ಟರು. ಮರೆವಿನ ಕಾಯಿಲೆ ಅಂತ ಈಗಲೇ ತೀರ್ಮಾನ ಮಾಡಬೇಡಮ್ಮ ಅಂದೆ. ಮೊದಲು ಟಿಎಸ್ಎಚ್ ನೋಡಿಸು, ಥೈರಾಯ್ಡ್ ಕಮ್ಮಿ ಆದರೆ ಹೀಗೇ ಮಂಕಾಗುತ್ತಾರೆ. ಕಿವಿ ತೋರಿಸು. ಕಣ್ಣಿನ ಪೊರೆ ಇದೆಯಾ ನೋಡಿಸು. ರಾತ್ರಿ ಗೊರಕೆ ಹೊಡೆದು ಉಸಿರು ನಿಂತು ನಿಂತು ಬರುತ್ತದಾ ಗಮನಿಸು, ನಿದ್ದೆ ಸರಿ ಆಗದಿದ್ದರೂ ಹಗಲು ಹೀಗಾಗುತ್ತದೆ. ಅವ್ವ ಹೋದ ದುಃಖ ಅವಳಿಗೂ ಇದೆ, ಹೇಳಿಕೊಳ್ಳಲು ಬರುವುದಿಲ್ಲ, ಖಿನ್ನತೆಗೆ ಔಷಧಿ ಇದೆ. ಇವೆಲ್ಲ ನೋಡಿ ಆದ ಮೇಲೆ ಮೆದುಳಿನ ಡಾಕ್ಟರು.

ರಿಜಿಸ್ಟರಿಗೆ ವಯಸ್ಸಿನ ಮಿತಿ ಹಾಕಬಾರದು ಅನ್ನುವುದು ನನ್ನ ಟಿಪ್ಪಣಿಯಲ್ಲಿ ಇರಲಿಲ್ಲ. ಆಮೇಲೆ ಸೇರಿಸಿದೆ. ಅರ್ಜಿಯ ಕರಡಿನಲ್ಲಿ ಈಗ ‘ಹುಟ್ಟಿನಿಂದ, ವಯಸ್ಸಿನ ಮಿತಿ ಇಲ್ಲದೆ’ ಅಂತ ಇದೆ. ಜಿಲ್ಲಾಧಿಕಾರಿ ಕಚೇರಿಗೆ ಕೊಡುವ ಮುಂಚೆ ಅದನ್ನು ಓದಿ ತಿದ್ದಬೇಕು ಅನ್ನುವ ತಂದೆತಾಯಂದಿರು ಕ್ಲಿನಿಕ್ಕಿಗೆ ಸಂಜೆ ಐದರ ನಂತರ ಬನ್ನಿ. ಬರುವಾಗ ಹಳೇ ಎಕೋ ರಿಪೋರ್ಟು ತನ್ನಿ, ಮಡಚಿ ಹರಿದಿದ್ದರೂ ಪರವಾಗಿಲ್ಲ.